ಎಂಜಿನ್ ಬಡಿತ, ಮಿಸ್ಸಿಂಗ್: ಮಾಡಿಫೈ ಮಾಡಿದ ಪಿಕಪ್‌ನಲ್ಲಿ ಕಾರಣ ಹುಡುಕುವ ಬಗೆ

ಕೊಡಗಿನ ತೋಟಗಳಲ್ಲಿ ದುಡಿಯುವ ಪಿಕಪ್‌ಗೆ ದಪ್ಪ ಟೈರ್, ಸ್ನಾರ್ಕಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ), ಅಡಿಗೆ ಸ್ಕಿಡ್ ಪ್ಲೇಟ್ (ಕಲ್ಲು ತಾಗದಂತೆ ಕಾಯುವ ತಗಡು) ಹಾಕಿಸುವುದು ಮಾಮೂಲು. ಕೆಲವರು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿರುತ್ತಾರೆ, ಹೊಸ ಗಾಡಿಯಾದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿರುತ್ತಾರೆ, ಅಂದರೆ ಅದರ ಪ್ರೋಗ್ರಾಂ ಬದಲಿಸಿರುತ್ತಾರೆ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವ್ಯವಸ್ಥೆ) ಮುಚ್ಚಿಸಿರುತ್ತಾರೆ. ಇಂಥ ಗಾಡಿ ಬಡಿಯಲು ಅಥವಾ ಮಿಸ್ ಹೊಡೆಯಲು (ಸಿಲಿಂಡರ್ ಸರಿಯಾಗಿ ಉರಿಯದೆ ಲಯ ತಪ್ಪಲು) ಶುರುವಾದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು 'ಬೋರ್ ಕೆಲಸ' (ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವುದು) ಅಥವಾ 'ನಾಲ್ಕೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಬದಲಿಸಿ'. ಎರಡಕ್ಕೂ ದೊಡ್ಡ ದುಡ್ಡು ಬೇಕು. ಎಂಜಿನ್ ಬಿಚ್ಚುವ ಮೊದಲು ಎರಡು ಗಂಟೆ ಕ್ರಮವಾಗಿ ನೋಡಿದರೆ ಕಾರಣ ಬಹಳ ಸಲ ಎಂಜಿನ್ನಿನ ಹೊರಗೇ ಸಿಗುತ್ತದೆ. ಮಾಡಿಫೈ ಮಾಡಿದ ಗಾಡಿಯಲ್ಲಿ ಮೊದಲ ಅನುಮಾನ ಮಾಡಿಫಿಕೇಶನ್ ಮೇಲೆಯೇ ಇರಬೇಕು.

ಆದರೆ ಈ ಮೂರು ಸಂದರ್ಭಗಳಲ್ಲಿ ಪರೀಕ್ಷೆಗೆಂದೂ ಎಂಜಿನ್ ಓಡಿಸಬೇಡಿ. ಆಯಿಲ್ ಪ್ರೆಶರ್ ದೀಪ ಉರಿಯುತ್ತಿದ್ದರೆ, ಅಥವಾ ರೇಸ್ ಕೊಟ್ಟಾಗ ಆಯಿಲ್ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಕಡೆಯಿಂದ ದಪ್ಪ ಬಡಿತ ಕೇಳಿದರೆ, ತಕ್ಷಣ ಆಫ್ ಮಾಡಿ. ಹೊಳೆ ದಾಟುವಾಗ ಎಂಜಿನ್ ನೀರು ಕುಡಿದು ನಿಂತಿದ್ದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯ ಜೊತೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಗಾಡಿಯನ್ನು ಎಳೆಸಿಕೊಂಡು ಹೋಗಿ.

ಮೊದಲು ಹಳೆಯ ಸ್ಥಿತಿಗೆ ತನ್ನಿ

ಟ್ಯೂನಿಂಗ್ ಬಾಕ್ಸ್ (ಶಕ್ತಿ ಹೆಚ್ಚಿಸಲು ಸೆನ್ಸರ್ ವೈರಿಗೆ ಜೋಡಿಸುವ ಪೆಟ್ಟಿಗೆ) ಹಾಕಿದ್ದರೆ ಅದನ್ನು ಕಳಚಿ, ಕಂಪನಿಯ ಕನೆಕ್ಟರ್‌ಗಳನ್ನೇ ಜೋಡಿಸಿ. ರೇಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒತ್ತಡದ ಡೀಸೆಲ್ ಕೊಡುವ ಕೊಳವೆ) ಪ್ರೆಶರ್ ಸೆನ್ಸರಿಗೆ ಹಾಕುವ ಬಾಕ್ಸ್‌ಗಳು ಇಸಿಯುಗೆ ಒತ್ತಡವನ್ನು ಕಡಿಮೆ ಮಾಡಿ ತೋರಿಸುತ್ತವೆ. ಅದನ್ನು ನಂಬಿ ಇಸಿಯು ಒತ್ತಡ ಏರಿಸುತ್ತದೆ. ಆ ಬಾಕ್ಸ್ ಇರುವವರೆಗೆ ಸ್ಕ್ಯಾನರ್ (ಇಸಿಯು ಓದುವ ಯಂತ್ರ) ತೋರಿಸುವ ರೇಲ್ ಪ್ರೆಶರ್ ಕೂಡ ಸುಳ್ಳೇ. ರೀಮ್ಯಾಪ್ ಮಾಡಿಸಿದ್ದರೆ ಮೂಲ ಫೈಲ್ ಮತ್ತೆ ಹಾಕಿಸಿ. ಮೂಲ ಫೈಲ್ ಇಟ್ಟುಕೊಳ್ಳದವರ ಹತ್ತಿರ ರೀಮ್ಯಾಪ್ ಮಾಡಿಸಲೇಬಾರದು.

ಎಣ್ಣೆ ಹಚ್ಚುವ ಬಗೆಯ ಏರ್ ಫಿಲ್ಟರ್ ಇದ್ದರೆ ಹೊಸ ಪೇಪರ್ ಫಿಲ್ಟರ್ ಹಾಕಿ. ಆ ಎಣ್ಣೆ ಹಾರಿ ಏರ್ ಫ್ಲೋ ಸೆನ್ಸರಿನ ತಂತಿಗೆ ಅಂಟಿದರೆ ಗಾಳಿಯ ಲೆಕ್ಕ ತಪ್ಪುತ್ತದೆ. ಆ ಸೆನ್ಸರಿಗೆಂದೇ ಸಿಗುವ ಸ್ಪ್ರೇಯಿಂದ ತೊಳೆದು ಒಣಗಿಸಿ, ಬಟ್ಟೆ ತಾಗಿಸಬೇಡಿ. ಇಜಿಆರ್ ಮುಚ್ಚಿದ ಸಿಆರ್‌ಡಿಐ (ಕಾಮನ್ ರೇಲ್) ಎಂಜಿನ್ನಿನಲ್ಲಿ ಐಡಲ್ ಶಬ್ದ ಗಡಸಾಗುತ್ತದೆ, ಇಜಿಆರ್ ಹರಿವು ಸಾಲದೆಂಬ ಪಿ0401 ದೋಷದ ಕೋಡ್ ಕೂಡ ಬರಬಹುದು. ಇಜಿಆರ್ ಮುಚ್ಚಿದ ಪ್ಲೇಟ್ ತೆಗೆದು ಓಡಿಸಿದಾಗ ಶಬ್ದ ಮೆತ್ತಗಾದರೆ ನಿಮ್ಮ 'ಬಡಿತ'ಕ್ಕೆ ಕಾರಣ ಸಿಕ್ಕಿತು. ಬಿಎಸ್6 (ಈಗಿನ ಹೊಗೆ ನಿಯಮದ) ಗಾಡಿಯಲ್ಲಿ ಇಜಿಆರ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆಸುವುದು ಕಾನೂನಿಗೂ ವಿರುದ್ಧ. ಎಂಜಿನ್ನನ್ನೇ ಬದಲಿಸಿದ್ದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು, ಇಲ್ಲದಿದ್ದರೆ ಅಪಘಾತದ ದಿನ ಇನ್ಶೂರೆನ್ಸ್ ಕೈಕೊಡಬಹುದು.

ಟೈರ್ ಅಳತೆಯನ್ನೂ ನೋಡಿ. 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿ.ಮೀ. ಅದರ ಜಾಗಕ್ಕೆ 31 ಇಂಚಿನ ಟೈರ್ ಹಾಕಿದರೆ 787 ಮಿ.ಮೀ. ಆಗುತ್ತದೆ. ಅಂದರೆ ಪ್ರತಿ ಗೇರ್ ಶೇ. 12ರಷ್ಟು ಉದ್ದವಾದಂತೆ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರು ಈಗ ಎರಡನೆಯದನ್ನು ಕೇಳುತ್ತದೆ. ಹಳೇ ಅಭ್ಯಾಸದಲ್ಲಿ ಮೂರರಲ್ಲೇ 1200 ಆರ್‌ಪಿಎಂನಲ್ಲಿ ಎಳೆಸಿದರೆ ಯಾವ ಎಂಜಿನ್ನಾದರೂ ಬಡಿಯುತ್ತದೆ. ಒಂದು ಗೇರ್ ಇಳಿಸಿದ ಕೂಡಲೇ ಶಬ್ದ ಹೋದರೆ ಎಂಜಿನ್ ಬಿಚ್ಚುವ ಮಾತು ಬೇಡ.

ಶಬ್ದ ನಿಜವಾಗಿ ಎಂಜಿನ್ನಿನದೇ?

ಸ್ಕಿಡ್ ಪ್ಲೇಟ್ ಮತ್ತು ಸಂಪಿನ ನಡುವೆ ಬೆರಳು ತೂರಿಸಿ ನೋಡಿ. ಕಲ್ಲಿಗೆ ತಾಗಿ ಪ್ಲೇಟ್ ಬಗ್ಗಿದ್ದರೆ ಎಂಜಿನ್ ಅಲುಗಿದಾಗಲೆಲ್ಲ ಸಂಪಿಗೆ ಬಡಿಯುತ್ತದೆ, ಕೇಳುವವರಿಗೆ ಬೇರಿಂಗ್ ಹೋದಂತೆಯೇ ಇರುತ್ತದೆ. ಬಾಡಿ ಲಿಫ್ಟ್ ಮಾಡಿದ ಗಾಡಿಯಲ್ಲಿ ಫ್ಯಾನ್ ಅದರ ಕವರಿಗೆ ತಾಗುತ್ತಿದೆಯೇ ನೋಡಿ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ, ಬ್ರೇಕ್ ಒತ್ತಿ ಹಿಡಿದು ಕ್ಲಚ್ಚನ್ನು ಸ್ವಲ್ಪವೇ ಬಿಟ್ಟಾಗ ಎಂಜಿನ್ ಒಂದು ಬದಿಗೆ ಏಳುವುದು ಕಾಣುತ್ತದೆ. ನೋಡುವವರು ಗಾಡಿಯ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಲ್ಲಲಿ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೆ 'ಟಿಕ್ ಟಿಕ್' ಎಂದು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಶಬ್ದದಂತೆಯೇ ಕೇಳಿಸುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಜೋರು, ಬಿಸಿಯಾದಂತೆ ಕಡಿಮೆ. ಸೋರುವ ಜಾಗದಲ್ಲಿ ಕಪ್ಪು ಮಸಿ ಇರುತ್ತದೆ. ಗಾಡಿ ಓಡುವಾಗ ಮಾತ್ರ, ಅದರಲ್ಲೂ ಆಕ್ಸಿಲರೇಟರ್ ಬಿಟ್ಟು ಹಿಡಿದಾಗ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ (ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡದ) ಕ್ರಾಸ್ ಜಾಯಿಂಟ್ ನೋಡಿ. ಹಿಂದಿನ ಸಸ್ಪೆನ್ಷನ್ ಎತ್ತರಿಸಿದಾಗ ಶಾಫ್ಟಿನ ಕೋನ ಹೆಚ್ಚಿ ಕ್ರಾಸ್ ಬೇಗ ಸವೆಯುತ್ತದೆ.

ಲಯ ಕೇಳಿ, ಸಿಲಿಂಡರ್ ಹಿಡಿಯಿರಿ

ಇವೆಲ್ಲ ಸರಿಯಿದ್ದರೆ ಉದ್ದ ಸ್ಕ್ರೂಡ್ರೈವರ್ ಅಥವಾ ಮೆಕ್ಯಾನಿಕ್ ಸ್ಟೆತಸ್ಕೋಪ್ ಎತ್ತಿಕೊಳ್ಳಿ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಐಡಲ್ 800 ಆರ್‌ಪಿಎಂ ಇದ್ದರೆ ಒಂದು ವಾಲ್ವ್, ಒಂದು ಇಂಜೆಕ್ಟರ್ ಅಥವಾ ಒಂದು ಸಿಲಿಂಡರಿನ ಉರಿಯ ಶಬ್ದ ನಿಮಿಷಕ್ಕೆ 400 ಸಲ ಬರುತ್ತದೆ. ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು) ಸಡಿಲವಾದಾಗಿನ ಬಡಿತ ಕ್ರ್ಯಾಂಕ್ ಸುತ್ತಿನ ಜೊತೆಗೇ ಬರುತ್ತದೆ, ಅಂದರೆ ಆ 400ರ ಇಮ್ಮಡಿ. ಮೇಲೆ ವಾಲ್ವ್ ಕವರಿನ ಮೇಲೆ ಜೋರೋ, ಕೆಳಗೆ ಬ್ಲಾಕಿನ ಬುಡದಲ್ಲಿ ಜೋರೋ ಎಂಬುದನ್ನೂ ಗುರುತಿಸಿಕೊಳ್ಳಿ. ಸ್ಕ್ರೂಡ್ರೈವರ್ ಹಿಡಿದವರ ಅಂಗಿಯ ತೋಳು, ಶಾಲು ಫ್ಯಾನ್ ಬೆಲ್ಟಿನ ಹತ್ತಿರ ಬರದಿರಲಿ.

ಮುಂದಿನದು ಒಂದೊಂದೇ ಸಿಲಿಂಡರ್ ಬಂದ್ ಮಾಡಿ ನೋಡುವುದು. ಇಲ್ಲಿ ಎಂಜಿನ್ ಯಾವ ಬಗೆಯದು ಎಂಬುದು ಜೀವದ ಪ್ರಶ್ನೆ. ಹಳೆಯ ಜೀಪುಗಳ ಪ್ಯೂಜೋ, ಡಿಐ ಎಂಜಿನ್‌ಗಳಂತೆ ಮೆಕ್ಯಾನಿಕಲ್ ಪಂಪ್ ಇದ್ದರೆ, ಐಡಲ್‌ನಲ್ಲಿ ಓಡುವಾಗ ಇಂಜೆಕ್ಟರಿಗೆ ಬರುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಮೇಲೆ ಬಟ್ಟೆ ಹಿಡಿಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕಾಮನ್ ರೇಲ್ ಎಂಜಿನ್ನಿನಲ್ಲಿ ಹೀಗೆ ಎಂದೂ ಮಾಡಬೇಡಿ. ರೇಲಿನಲ್ಲಿ ಐಡಲ್‌ನಲ್ಲೇ ಸುಮಾರು 250ರಿಂದ 350 ಬಾರ್, ಲೋಡಿನಲ್ಲಿ 1600 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಕೂದಲೆಳೆಯಷ್ಟು ಡೀಸೆಲ್ ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಸಿಆರ್‌ಡಿಐನಲ್ಲಿ ಸ್ಕ್ಯಾನರಿನ ಸಿಲಿಂಡರ್ ಕಟ್‌ಆಫ್ ಪರೀಕ್ಷೆಯನ್ನೇ ಬಳಸಿ.

ಬಂದ್ ಮಾಡಿದಾಗ ಎಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಮಿಸ್ ಹೊಡೆಯುತ್ತಿರುವುದು ಅದೇ. ಬಡಿತ ಪೂರ್ತಿ ಮಾಯವಾದರೆ ಅದು ಉರಿಯ ಬಡಿತ, ಅಂದರೆ ಇಂಜೆಕ್ಟರ್ ಅಥವಾ ಟೈಮಿಂಗ್. ಬಡಿತ ತಗ್ಗಿಯೂ ಮೆತ್ತಗೆ ಉಳಿದರೆ ಆ ಸಿಲಿಂಡರಿನ ಬೇರಿಂಗ್ ಅಥವಾ ಪಿಸ್ಟನ್ ಪಿನ್ ಮೇಲೆ ಅನುಮಾನ. ಯಾವ ಸಿಲಿಂಡರ್ ಬಂದ್ ಮಾಡಿದರೂ ಬಡಿತ ಹಾಗೇ ಇದ್ದರೆ ಟ್ಯಾಪೆಟ್, ಟೈಮಿಂಗ್ ಗೇರ್, ಫ್ಲೈವೀಲ್, ವ್ಯಾಕ್ಯೂಮ್ ಪಂಪ್ ಕಡೆ ನೋಡಿ.

ಸ್ಕ್ಯಾನರ್ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಬೆಳಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಮ್ಯಾನಿಫೋಲ್ಡಿನ ನಾಲ್ಕೂ ಕವಲುಗಳ ಮೇಲೆ ಒದ್ದೆ ಬಟ್ಟೆಯಿಂದ ಒಂದೊಂದು ಹನಿ ಬಿಡಿ. ಮಿಸ್ ಹೊಡೆಯುವ ಸಿಲಿಂಡರಿನ ಕವಲಿನಲ್ಲಿ ಹನಿ ಆರುವುದು ತಡ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ.

ನೀರು ಸೇರಿದ ಡೀಸೆಲ್, ಗಾಳಿ ಎಳೆದ ಪೈಪ್

ಸೈಲೆನ್ಸರ್ ಬಾಯಿಗೆ ಅಂಗೈ ಹತ್ತಿರ ಹಿಡಿದು ಲಯ ನೋಡಿ. ಗಡಿಯಾರದಂತೆ ಒಂದೇ ಲೆಕ್ಕದಲ್ಲಿ ತಪ್ಪಿದರೆ ತೊಂದರೆ ಒಂದು ಸಿಲಿಂಡರಿನದು. ಲೆಕ್ಕವಿಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ಡೀಸೆಲ್, ಗಾಳಿ, ವೈರಿಂಗ್ ನೋಡಬೇಕು.

ತೋಟದ ಶೆಡ್ಡಿನಲ್ಲಿ 200 ಲೀಟರ್ ಬ್ಯಾರೆಲ್‌ನಲ್ಲಿಟ್ಟ ಡೀಸೆಲ್ ಕೊಡಗಿನ ಮಿಸ್ಸಿಂಗ್‌ಗೆ ದೊಡ್ಡ ಕಾರಣ. ಅರ್ಧ ಖಾಲಿ ಬ್ಯಾರೆಲಿನಲ್ಲಿ ಮಳೆಗಾಲದ ತೇವದ ಗಾಳಿ ರಾತ್ರಿ ತಣಿದು ಹನಿಯಾಗಿ ತಳ ಸೇರುತ್ತದೆ. ಹೊರಗೆ ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ಮುಚ್ಚಳದ ಸುತ್ತ ನಿಂತ ಮಳೆನೀರೂ ಒಳಗೆ ಇಳಿಯುತ್ತದೆ. ಫ್ಯೂಯಲ್ ಫಿಲ್ಟರಿನ ಬುಡದ ಡ್ರೈನ್ ಸ್ಕ್ರೂ ಬಿಚ್ಚಿ ಸುಮಾರು 200 ಮಿ.ಲೀ. ಅನ್ನು ಗಾಜಿನ ಬಾಟಲಿಗೆ ಹಿಡಿದು 15 ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ಕೂರುತ್ತದೆ. ಕಪ್ಪು ಲೋಳೆ ಕಂಡರೆ ನೀರು ತಿಂಗಳುಗಟ್ಟಲೆ ಇದ್ದು ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಟ್ಯಾಂಕ್ ಇಳಿಸಿ ತೊಳೆಯದೆ ಫಿಲ್ಟರ್ ಬದಲಿಸಿದರೆ ವಾರದಲ್ಲಿ ಅದೇ ಕತೆ. ಬ್ಯಾರೆಲಿನಿಂದ ತೆಗೆಯುವಾಗ ಪಂಪಿನ ಕೊಳವೆ ತಳದಿಂದ ನಾಲ್ಕು ಬೆರಳು ಮೇಲಿರಲಿ, ಹಾಕುವ ಹಿಂದಿನ ದಿನ ಬ್ಯಾರೆಲ್ ಅಲುಗಿಸಬೇಡಿ.

ಸಂಪಾಜೆಯಿಂದ ಕೊಯನಾಡು, ಜೋಡುಪಾಲ ದಾಟಿ ಮದೆನಾಡಿಗೆ ಹತ್ತುವಾಗ, ಅಥವಾ ಮಾಕುಟ್ಟದಿಂದ ಪೆರುಂಬಾಡಿಗೆ ಏರುವಾಗ ಮಾತ್ರ ಮಿಸ್ ಹೊಡೆದು ಸಮತಟ್ಟಿನಲ್ಲಿ ಸರಿಯಾದರೆ ಮೊದಲು ಟ್ಯಾಂಕ್ ಅರ್ಧಕ್ಕಿಂತ ಮೇಲೆ ತುಂಬಿಸಿ ನೋಡಿ. ಡೀಸೆಲ್ ಕಡಿಮೆ ಇದ್ದಾಗ ಏರಿನಲ್ಲಿ ಅದು ಟ್ಯಾಂಕಿನ ಒಂದು ಬದಿಗೆ ಸರಿದು ಪೈಪ್ ಗಾಳಿ ಎಳೆಯುತ್ತದೆ. ತುಂಬಿಸಿದರೂ ಅದೇ ಆದರೆ ಫಿಲ್ಟರಿನಿಂದ ಪಂಪಿಗೆ ಹೋಗುವ ಜಾಗದಲ್ಲಿ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಒಂದಡಿ ಹಾಕಿ ಓಡಿಸಿ. ಗುಳ್ಳೆ ನಿಲ್ಲದೆ ಬಂದರೆ ಗಾಳಿ ಎಳೆಯುತ್ತಿದೆ. ಎಳೆಯುವ ಕಡೆಯ ಪೈಪಿನಿಂದ ಡೀಸೆಲ್ ಹೊರಗೆ ಸೋರಬೇಕೆಂದಿಲ್ಲ, ಒಣಗಿದ್ದರೂ ಗಾಳಿ ಒಳಗೆ ಹೋಗುತ್ತದೆ. ಹೋಸ್ ಕ್ಲಿಪ್, ಫಿಲ್ಟರಿನ ರಬ್ಬರ್ ರಿಂಗ್, ಹ್ಯಾಂಡ್ ಪ್ರೈಮರ್ ಈ ಕ್ರಮದಲ್ಲಿ ನೋಡಿ. ಇವೆಲ್ಲ ಕಡಿಮೆ ಬೆಲೆಯ ಸಾಮಾನು.

ಸಿಆರ್‌ಡಿಐ ಗಾಡಿಯಲ್ಲಿ

ಕೋಡ್ ಓದಿಸುವುದು ಶುರು, ತೀರ್ಪಲ್ಲ. ಪಿ0300 ಎಂದರೆ ಯಾವುದೆಂದು ಹೇಳಲಾಗದ ಮಿಸ್‌ಫೈರ್, ಪಿ0301ರಿಂದ ಪಿ0304 ಎಂದರೆ ಆಯಾ ಸಿಲಿಂಡರಿನದು. ಪಿ0087 ರೇಲ್ ಒತ್ತಡ ಸಾಲದು, ಪಿ0299 ಟರ್ಬೊ ಬೂಸ್ಟ್ ಸಾಲದು, ಪಿ0335 ಕ್ರ್ಯಾಂಕ್ ಸೆನ್ಸರ್. ಪಿ0087 ಬಂತೆಂದು ಹೈ ಪ್ರೆಶರ್ ಪಂಪ್ ಬದಲಿಸಬೇಡಿ. ಕಟ್ಟಿದ ಫಿಲ್ಟರ್, ಗಾಳಿ ಎಳೆದ ಪೈಪ್, ಸೋರುವ ಇಂಜೆಕ್ಟರ್ ಇವೂ ಅದೇ ಕೋಡ್ ತರುತ್ತವೆ.

ಇಂಜೆಕ್ಟರ್ ನೋಡಲು ಮೊದಲು ರಿಟರ್ನ್ (ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಡೀಸೆಲ್) ಪರೀಕ್ಷೆ ಮಾಡಿ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಕಳಚಿ ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಡಿ, ಎರಡು ನಿಮಿಷ ಐಡಲ್‌ನಲ್ಲಿ ಓಡಿಸಿ. ಮೂರು ಬಾಟಲಿ ಹತ್ತಿರ ಹತ್ತಿರ ಇದ್ದು ಒಂದರಲ್ಲಿ ಇಮ್ಮಡಿ ಬಂದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಅದೊಂದನ್ನೇ ಕ್ಯಾಲಿಬ್ರೇಶನ್ ಬೆಂಚಿಗೆ ಕಳಿಸಿ. ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೇಲಿನ ಕೋಡನ್ನು ಇಸಿಯುಗೆ ಬರೆಸಲೇಬೇಕು. ಬರೆಸದೆ ಬಿಟ್ಟರೆ ಡೀಸೆಲ್ ಅಳತೆ ತಪ್ಪಿ ಹೊಸ ಇಂಜೆಕ್ಟರೇ ಬಡಿಯುತ್ತದೆ.

ಇಂಜೆಕ್ಟರ್ ಬುಡದಲ್ಲಿ 'ಚುಫ್ ಚುಫ್' ಶಬ್ದ ಮತ್ತು ಡಾಂಬರಿನಂಥ ಕಪ್ಪು ಗಟ್ಟಿ ಕಂಡರೆ ತಾಮ್ರದ ವಾಷರ್ ಸೋರುತ್ತಿದೆ. ವಾಷರ್ ಪ್ರತಿ ಸಲ ಹೊಸದೇ ಆಗಬೇಕು, ಕೂರುವ ಜಾಗ ಕೆರೆದು ಚೊಕ್ಕಟ ಮಾಡಬೇಕು. ಹಳೆಯ ವಾಷರನ್ನೇ ಕಾಯಿಸಿ ಹಾಕುವ ಪದ್ಧತಿ ಈ ಒತ್ತಡಕ್ಕೆ ನಿಲ್ಲದು.

ವೈರಿಂಗಿಗೆ ಇಲ್ಲಿ ಇಬ್ಬರು ಶತ್ರುಗಳು, ತೇವ ಮತ್ತು ಇಲಿ. ಶೆಡ್ಡಿನಲ್ಲಿ ವಾರ ನಿಂತ ಗಾಡಿಯ ಇಂಜೆಕ್ಟರ್ ವೈರುಗಳನ್ನು ಬೆರಳಿನಿಂದ ಸವರಿ ನೋಡಿ. ಕನೆಕ್ಟರ್ ಪಿನ್ನಿನಲ್ಲಿ ಹಸಿರು ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಲೈಟ್ ಬಾರ್, ವಿಂಚ್ ಹಾಕುವಾಗ ಎಂಜಿನ್ ವೈರಿಂಗಿನಿಂದ ಅರ್ತ್ ಕದ್ದಿದ್ದರೆ ಅದನ್ನು ನೇರ ಬ್ಯಾಟರಿಗೆ ಸೇರಿಸಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು.

ಎತ್ತರದ ಲೆಕ್ಕ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 13 ಕಡಿಮೆ. ಮಂಗಳೂರಿನಲ್ಲಿ ಪಂಪ್ ಸ್ಕ್ರೂ ತಿರುಗಿಸಿ ಸರಿಯೆನಿಸಿದ ಟರ್ಬೊ ಇಲ್ಲದ ಡೀಸೆಲ್ ಎಂಜಿನ್ ಇಲ್ಲಿಗೆ ಬಂದಾಗ ಕಪ್ಪು ಹೊಗೆ ಉಗುಳುತ್ತದೆ, ಏಕೆಂದರೆ ಡೀಸೆಲ್ ಅಷ್ಟೇ ಇದೆ, ಗಾಳಿ ಇಲ್ಲ. ಸ್ಕ್ರೂ ಹಿಂದಕ್ಕೆ ತಿರುಗಿಸುವಾಗ ಮೊದಲಿದ್ದ ಜಾಗಕ್ಕೆ ಗುರುತು ಹಾಕಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಟರ್ಬೊ ಇರುವ ಎಂಜಿನ್ನಿಗೆ ಡೀಸೆಲ್ ಹೆಚ್ಚಿಸಿದವರು ಟರ್ಬೊಗೆ ಮುಂಚೆ ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಹಾಕಿಸಲೇಬೇಕು. ಏರಿನಲ್ಲಿ ಒಂದೇ ಸಮ 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಿಸ್ಟನ್ ಅಪಾಯದಲ್ಲಿದೆ.

ಪಂಪ್ ಟೈಮಿಂಗ್ ಮುಂದೆ ತಂದಿದ್ದರೆ ತಣ್ಣನೆಯ ಸ್ಟಾರ್ಟಿನಲ್ಲಿ ಚೂಪಾದ ಕಲ್ಲು ಬಡಿತ ಕೇಳಿಸುತ್ತದೆ. ಡೀಸೆಲ್ ಒಳಗೆ ಬಿದ್ದು ಉರಿ ಹತ್ತುವ ನಡುವೆ ಸಣ್ಣ ತಡ ಇದ್ದೇ ಇರುತ್ತದೆ. ಬೇಗ ಬಿಟ್ಟರೆ ಗಾಳಿ ಇನ್ನೂ ಸಾಕಷ್ಟು ಕಾದಿರುವುದಿಲ್ಲ, ತಡ ಉದ್ದವಾಗುತ್ತದೆ, ಅಷ್ಟರಲ್ಲಿ ಸೇರಿದ ಡೀಸೆಲ್ಲೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಆ ಸಿಡಿತವೇ ಬಡಿತ. ಪಂಪ್ ಸಡಿಲಿಸುವ ಮೊದಲು ಪಂಪಿಗೂ ಬ್ಲಾಕಿಗೂ ಸೇರುವಂತೆ ಉಳಿಯಿಂದ ಒಂದು ಗೆರೆ ಹಾಕಿ. ಅಲ್ಲಿ ಒಂದು ಮಿ.ಮೀ. ಸರಿದರೂ ಶಬ್ದದಲ್ಲಿ ಗೊತ್ತಾಗುತ್ತದೆ.

ಪೆಟ್ರೋಲ್ ಎಂಜಿನ್ ಕೂರಿಸಿದ ಜೀಪ್ ಪಿಕಪ್, ಜಿಪ್ಸಿಗಳಲ್ಲಿ ಎತ್ತರ ತಿರುಗಿ ಹೊಡೆಯುತ್ತದೆ. ತೆಳು ಗಾಳಿಯಲ್ಲಿ ಸಿಲಿಂಡರ್ ಒತ್ತಡ ಕಡಿಮೆ, ಹಾಗಾಗಿ ಮಡಿಕೇರಿಯಲ್ಲಿ ಟೈಮಿಂಗ್ ಮುಂದೆ ತಂದರೂ ಬಡಿಯುವುದಿಲ್ಲ. ಅದೇ ಗಾಡಿ ಸುಳ್ಯ, ಪುತ್ತೂರಿನ ಸೆಕೆಯಲ್ಲಿ ಲೋಡ್ ಹೊತ್ತಾಗ 'ಕಿಣಿಕಿಣಿ' ಎನ್ನುತ್ತದೆ. ಟೈಮಿಂಗನ್ನು ಕೆಳಗಿನ ಊರಿನ ಲೆಕ್ಕಕ್ಕೇ ಇಡಿ. ಮಳೆಗಾಲದ ಮಿಸ್ಸಿಂಗ್‌ಗೆ ರಾತ್ರಿ ಕತ್ತಲಲ್ಲಿ ಬಾನೆಟ್ ತೆರೆದು ಪ್ಲಗ್ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹೊಡೆಯಿರಿ. ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ. ವೈರ್ ಮುಟ್ಟಬೇಡಿ. ಈಗಿನ ಇ20 ಪೆಟ್ರೋಲಿನ ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಹೋಸನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಪೆಟ್ರೋಲ್ ಹಳತಾಗಲು ಬಿಡಬೇಡಿ.

ಕಂಪ್ರೆಶನ್, ಆಯಿಲ್

ಇಷ್ಟಾದರೂ ಒಂದು ಸಿಲಿಂಡರ್ ಸತ್ತೇ ಇದ್ದರೆ ಕಂಪ್ರೆಶನ್ ಅಳೆಯಿರಿ. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್, ಪೆಟ್ರೋಲಿನಲ್ಲಿ 11ರಿಂದ 13. ಮ್ಯಾನುಯಲ್ಲಿನ ಅಂಕಿ ಸಮುದ್ರಮಟ್ಟದ್ದು. 30 ಬಾರ್ ಬರಬೇಕಾದ ಎಂಜಿನ್ ಮಡಿಕೇರಿಯಲ್ಲಿ 26 ತೋರಿಸಿದರೆ ಅದು ರೋಗವಲ್ಲ, ಎತ್ತರ. ಮುಖ್ಯವಾದುದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ, ಅದು ಶೇ. 10ರಿಂದ 15 ದಾಟಬಾರದು. ಪೆಟ್ರೋಲ್ ಎಂಜಿನ್ನಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಡೀಸೆಲ್ಲಿಗೆ ಹೀಗೆ ಆಯಿಲ್ ಸುರಿಯಬೇಡಿ. ಪಿಸ್ಟನ್ ಮೇಲೆ ಉಳಿಯುವ ಜಾಗ ಅತಿ ಕಡಿಮೆ, ಕನೆಕ್ಟಿಂಗ್ ರಾಡ್ ಬಗ್ಗಬಹುದು.

ಹೊಳೆಯಲ್ಲಿ ನೀರು ಕುಡಿದ ಎಂಜಿನ್ನಿಗೂ ಇದೇ ಗತಿ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ (ತಣ್ಣನೆಯ ಸ್ಟಾರ್ಟಿಗೆ ಸಿಲಿಂಡರ್ ಕಾಯಿಸುವ ಪ್ಲಗ್) ಬಿಚ್ಚಿ, ಆ ತೂತುಗಳಿಂದ ನೀರು ಹೊರಹಾಕಿದ ಮೇಲೆಯೇ ಸೆಲ್ಫ್ ಹೊಡೆಯಬೇಕು. ಆಮೇಲೆ ಎಂಜಿನ್ ಓಡಿದರೂ ಒಂದು ಸಿಲಿಂಡರಿನ ಕಂಪ್ರೆಶನ್ ಕಡಿಮೆಯಾಗಿ, ವಾಲ್ವ್, ರಿಂಗ್ ಎರಡೂ ಸೋರದಿದ್ದರೆ ಆ ರಾಡ್ ಬಗ್ಗಿ ಗಿಡ್ಡವಾಗಿದೆ. ಅದನ್ನು ಹಾಗೇ ಓಡಿಸಿದರೆ ಒಂದು ದಿನ ಬ್ಲಾಕ್ ಒಡೆದುಕೊಂಡು ಹೊರಬರುತ್ತದೆ. ಸ್ನಾರ್ಕಲ್ ಹಾಕಿದ್ದೇವೆಂಬ ಧೈರ್ಯ ಬೇಡ. ಏರ್ ಫಿಲ್ಟರ್ ಬಾಕ್ಸಿನ ಅಡಿಯ ನೀರು ಬಸಿಯುವ ತೂತು ಮುಚ್ಚದಿದ್ದರೆ ನೀರು ಅಲ್ಲಿಂದಲೇ ಏರುತ್ತದೆ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ. ಬಿಎಸ್6 ಗಾಡಿ ತೋಟದೊಳಗೇ ಎರಡು ಮೂರು ಕಿಲೋಮೀಟರ್ ಓಡಾಡಿಕೊಂಡಿದ್ದರೆ ಡಿಪಿಎಫ್‌ನಲ್ಲಿ ಕೂಡಿದ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಬಿಟ್ಟ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ತೆಳುವಾದ ಆಯಿಲಿನಿಂದ ಬೇರಿಂಗ್ ಬಡಿಯುತ್ತದೆ. ಆಯಿಲ್ ಬದಲಿಸಿ, ವಾರಕ್ಕೊಮ್ಮೆಯಾದರೂ ಕುಶಾಲನಗರ ದಾರಿಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಬೇರಿಂಗ್ ಅನುಮಾನವಿದ್ದರೆ ಪ್ರೆಶರ್ ಸ್ವಿಚ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ. ಎಂಜಿನ್ ಬಿಸಿಯಿದ್ದಾಗ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಸಾಮಾನ್ಯ ಲೆಕ್ಕ. ಬಿಚ್ಚಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ, ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಗಿನ ಲೋಹ ಬಂದಿದೆ. ಆಗ ಸಂಪ್ ಇಳಿಸಲೇಬೇಕು.

ಸರಿಪಡಿಸಿದ ಮೇಲೆ ಖಾಲಿ ಗಾಡಿ ಓಡಿಸಿ ಒಪ್ಪಿಕೊಳ್ಳಬೇಡಿ. 50 ಕಿಲೋದ 20 ಮೂಟೆ ಗೊಬ್ಬರ ಹೇರಿದರೆ ಒಂದು ಟನ್. ಗಾಡಿಯ ಲೋಡ್ ಮಿತಿಯೊಳಗೆ ಅಷ್ಟು ಹೊತ್ತು, ಮೊದಲು ಬಡಿದ ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿಸಿ. ಸದ್ದಿಲ್ಲದೆ ಹತ್ತಿದರೆ ಕಳಚಿಟ್ಟ ಮಾಡಿಫಿಕೇಶನ್‌ಗಳಲ್ಲಿ ಕಾನೂನು ಒಪ್ಪುವಂಥವನ್ನು ಒಂದೊಂದಾಗಿ ಹಾಕಿ, ಒಂದೊಂದಕ್ಕೂ ಮತ್ತೆ ಅದೇ ಏರು ಹತ್ತಿಸಿ. ಎರಡನ್ನು ಒಟ್ಟಿಗೆ ಹಾಕಿದ ದಿನ ಬಡಿತ ಮರಳಿದರೆ ಯಾವುದರಿಂದ ಬಂತೆಂದು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.